ಎಸ್‌ಡಿಎಂಸಿ ಸದಸ್ಯರ ಮೂರು ವರ್ಷದ ಕೆಲಸವನ್ನು ಅಳೆಯುವುದು ಹೇಗೆ: ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಆಂಧ್ರದ ಗಡಿಗೆ ಹತ್ತಿರವಿರುವ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಮೂರು ವರ್ಷ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ, ಸದಸ್ಯಳಾಗಿದ್ದೆ. ಅವಧಿ ಮುಗಿಯುತ್ತಾ ಬಂದಂತೆ, ಹಳೆಯ ಸದಸ್ಯರು ಏನು ಮಾಡಿದರು, ಅದನ್ನು ತಿಳಿಯುವುದು ಹೇಗೆ, ಹೊಸಬರನ್ನು ಯಾವ ಆಧಾರದ ಮೇಲೆ ಆರಿಸಬೇಕು ಎಂದು ನಮ್ಮೂರಿನವರೂ ಅಕ್ಕಪಕ್ಕದ ಊರುಗಳ ಪೋಷಕರೂ ಕೇಳತೊಡಗಿದರು. ಒಬ್ಬೊಬ್ಬರಿಗೂ ಬಾಯಲ್ಲಿ ಹೇಳಿದ್ದನ್ನು ಇಲ್ಲಿ ಒಂದು ಕಡೆ ಬರೆದಿಟ್ಟಿದ್ದೇನೆ. ನನ್ನ ಕೆಲಸದ ಲೆಕ್ಕವೂ ಕೊನೆಯಲ್ಲಿದೆ.

ಎಸ್‌ಡಿಎಂಸಿ ಎಲ್ಲಿಂದ ಬಂತು, ಅದಕ್ಕೆ ಕಾನೂನಿನ ಬಲವಿದೆಯೇ?

ಇದೆ. ವಿಜ್ಞಾನಿ ಡಾ. ರಾಜಾ ರಾಮಣ್ಣನವರ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇಲೆ ರಾಜ್ಯ ಸರ್ಕಾರವು 2001ರ ಏಪ್ರಿಲ್‌ನಲ್ಲಿ ಆದೇಶ ಹೊರಡಿಸಿ, ಅಲ್ಲಿಯವರೆಗಿದ್ದ ಗ್ರಾಮ ಶಿಕ್ಷಣ ಸಮಿತಿಗಳ ಜಾಗದಲ್ಲಿ, ಪ್ರತಿ ಶಾಲೆಗೂ ಆಯಾ ಶಾಲೆಯ ಮಕ್ಕಳ ತಂದೆತಾಯಂದಿರೇ ಹೆಚ್ಚಾಗಿರುವ ಸಮಿತಿಯನ್ನು ತಂದಿತು. ಅದರ ನಂತರ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಆ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಸದಸ್ಯರು ಮಕ್ಕಳ ತಂದೆತಾಯಿ ಅಥವಾ ಪೋಷಕರಾಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು, ಹಿಂದುಳಿದ ಮತ್ತು ದುರ್ಬಲ ವರ್ಗಗಳ ಪೋಷಕರಿಗೆ ಅವರ ಮಕ್ಕಳ ಪ್ರಮಾಣಕ್ಕೆ ತಕ್ಕ ಸ್ಥಾನ ಸಿಗಬೇಕು. 2012ರಲ್ಲಿ ನಮ್ಮ ರಾಜ್ಯವು ಈ ಕಾಯ್ದೆಗೆ ತನ್ನದೇ ನಿಯಮಗಳನ್ನು ಮಾಡಿಕೊಂಡಿತು. ಮುಖ್ಯ ಶಿಕ್ಷಕರು ಸಮಿತಿಯ ಸದಸ್ಯ ಕಾರ್ಯದರ್ಶಿಯಾಗಿರುತ್ತಾರೆ.

ನಮ್ಮ ಜಿಲ್ಲೆಯವರು ಒಂದು ಮಾತನ್ನು ನೆನಪಿಡಬೇಕು. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದ ಕಾಲದಲ್ಲಿ, 1913ರಲ್ಲಿ, ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು. ಮಕ್ಕಳನ್ನು ಶಾಲೆಗೆ ತರುವುದು ಸರ್ಕಾರದ ಕೆಲಸ ಎಂಬ ವಿಚಾರಕ್ಕೆ ನೂರು ವರ್ಷ ದಾಟಿದೆ. ಶಾಲೆ ಹೇಗೆ ನಡೆಯುತ್ತಿದೆ ಎಂದು ಕೇಳುವ ಹಕ್ಕು ಆ ಮಕ್ಕಳ ತಾಯಂದಿರಿಗೂ ಇದೆ ಎಂಬ ವಿಚಾರಕ್ಕೆ ಇನ್ನೂ ಕಾಲು ಶತಮಾನದ ವಯಸ್ಸು.

ಸದಸ್ಯರ ಕೈಯಲ್ಲಿ ಏನಿದೆ, ಏನಿಲ್ಲ?

ಶಿಕ್ಷಕರನ್ನು ನೇಮಿಸುವ, ವರ್ಗಾವಣೆ ಮಾಡುವ, ಪಠ್ಯ ಬದಲಿಸುವ ಅಧಿಕಾರ ಸಮಿತಿಗಿಲ್ಲ. ಶಾಲೆಯ ಕಾರ್ಯನಿರ್ವಹಣೆಯನ್ನು ಗಮನಿಸುವುದು, ಶಾಲಾ ಅಭಿವೃದ್ಧಿ ಯೋಜನೆಯನ್ನು ತಯಾರಿಸಿ ಶಿಫಾರಸು ಮಾಡುವುದು, ಬಂದ ಅನುದಾನ ಹೇಗೆ ಖರ್ಚಾಯಿತೆಂದು ನೋಡುವುದು ಕಾಯ್ದೆಯೇ ಕೊಟ್ಟ ಕೆಲಸಗಳು. ಆದ್ದರಿಂದ "ಮೂರು ವರ್ಷದಲ್ಲಿ ಇಂಗ್ಲಿಷ್ ಮೇಷ್ಟ್ರನ್ನು ತರಿಸಲಿಲ್ಲ" ಎಂದು ಒಬ್ಬ ಸದಸ್ಯರನ್ನು ದೂರುವುದು ನ್ಯಾಯವಲ್ಲ. ಮೇಷ್ಟ್ರು ಬೇಕೆಂದು ಅವರು ಸಭೆಯಲ್ಲಿ ಎತ್ತಿದರೇ, ಅದು ಠರಾವಾಯಿತೇ, ಠರಾವಿನ ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಯಿತೇ, ಸ್ವೀಕೃತಿ ಪಡೆದರೇ ಎಂದು ಕೇಳುವುದು ನ್ಯಾಯ.

ಹಾಗಾದರೆ ಸದಸ್ಯರ ಕೆಲಸವನ್ನು ಎಲ್ಲಿ ನೋಡಬೇಕು?

ನಡಾವಳಿ ಪುಸ್ತಕದಲ್ಲಿ. ಊರಿನ ಕಟ್ಟೆಯ ಮೇಲೆ ಕೇಳಿದ ಹೊಗಳಿಕೆಗೂ ಬೈಗುಳಕ್ಕೂ ಅಷ್ಟು ಬೆಲೆಯಿಲ್ಲ. ಕೇಂದ್ರ ಸರ್ಕಾರವು 2010ರಲ್ಲಿ ಹೊರಡಿಸಿದ ನಿಯಮಗಳಲ್ಲಿ, ಶಾಲಾ ಸಮಿತಿಯು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು, ತೀರ್ಮಾನಗಳನ್ನು ಸರಿಯಾಗಿ ದಾಖಲಿಸಬೇಕು ಮತ್ತು ಅವು ಸಾರ್ವಜನಿಕರಿಗೆ ಸಿಗುವಂತಿರಬೇಕು ಎಂದಿದೆ. ಪುಸ್ತಕದ ಆಶಯ ಅದೇ.

ಪುಸ್ತಕ ಕೈಗೆ ಬಂದಾಗ ಏನು ನೋಡಬೇಕೆಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಡೀ ವಿಷಯದ ಜೀವ ಇಲ್ಲಿದೆ. ಮೊದಲು, ಸಹಿಗಳನ್ನು ನೋಡಿ. ಎಲ್ಲ ಸಹಿಗಳೂ ಒಂದೇ ಪೆನ್ನಿನಲ್ಲಿ, ಒಂದೇ ಸಾಲಿನಲ್ಲಿ, ಪುಟದ ತಳದಲ್ಲಿ ಒತ್ತಾಗಿದ್ದು, ಮೇಲಿನ ಬರವಣಿಗೆಯು ಆ ಸಹಿಗಳ ಹತ್ತಿರ ಬರುತ್ತಿದ್ದಂತೆ ಚಿಕ್ಕದಾಗುತ್ತಾ ಹೋಗಿದ್ದರೆ, ಸಹಿ ಮೊದಲು ಬಿದ್ದಿದೆ, ಬರವಣಿಗೆ ಆಮೇಲೆ ತುಂಬಿದೆ ಎಂದು ತಿಳಿಯಬಹುದು. ಎರಡನೆಯದಾಗಿ, ವಿಷಯಗಳನ್ನು ನೋಡಿ. ಸ್ವಾತಂತ್ರ್ಯ ದಿನಾಚರಣೆಗೆ ಸಿಹಿ ಹಂಚುವುದು, ವಾರ್ಷಿಕೋತ್ಸವಕ್ಕೆ ಶಾಮಿಯಾನ ಹಾಕಿಸುವುದು, ಅತಿಥಿಗಳಿಗೆ ಹಾರ ತರುವುದು, ಇಷ್ಟರಲ್ಲೇ ವರ್ಷ ಕಳೆದಿದ್ದು, ಮಕ್ಕಳ ಓದಿನ ಬಗ್ಗೆ ಒಂದು ಸಾಲೂ ಇಲ್ಲದಿದ್ದರೆ ಆ ಸಮಿತಿಯ ಬಗ್ಗೆ ಬೇರೆ ಸಾಕ್ಷಿ ಬೇಕಿಲ್ಲ. ಮೂರನೆಯದಾಗಿ, ಹಿಂದಿನ ಸಭೆಯ ತೀರ್ಮಾನ ಏನಾಯಿತು ಎಂಬುದು ಮುಂದಿನ ಸಭೆಯಲ್ಲಿ ಬರೆದಿದೆಯೇ ಎಂದು ನೋಡಿ. ಯಾವ ಸದಸ್ಯರು ಯಾವ ವಿಷಯ ಎತ್ತಿದರೆಂದು ಹೆಸರು ಸಮೇತ ಬರೆದಿರುವ ಪುಸ್ತಕ ಅಪರೂಪ. ಹಾಗೆ ಬರೆದಿದ್ದರೆ ಆ ಮುಖ್ಯ ಶಿಕ್ಷಕರಿಗೆ ಕೈಮುಗಿಯಬೇಕು.

ಇದನ್ನು ನಾನು ದೂರ ನಿಂತು ಹೇಳುತ್ತಿಲ್ಲ. ಸದಸ್ಯಳಾದ ಮೊದಲ ಆರು ತಿಂಗಳು ಪುಸ್ತಕ ನಮ್ಮ ಮನೆಗೇ ಬರುತ್ತಿತ್ತು. ಒಂದು ಸಂಜೆ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದೆ. ಏಳನೇ ತರಗತಿಯ ಹುಡುಗನೊಬ್ಬ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತು, "ಅಕ್ಕಾ, ಇಲ್ಲೊಂದು ಸೈನು" ಎಂದ. ಸೆರಗಿಗೆ ಕೈ ಒರೆಸಿಕೊಂಡು ಅವನು ಬೆರಳಿಟ್ಟ ಕಡೆ ಸಹಿ ಹಾಕಿದೆ. ಮೇಲಿನ ಪುಟ ಖಾಲಿಯಿತ್ತು. ಖಾಲಿಯಿರುವುದು ನನಗೆ ಕಾಣಿಸಿತ್ತು. ಆ ಪುಟದಲ್ಲಿ ಆಮೇಲೆ ಬರೆದದ್ದು ತಪ್ಪು ವಿಷಯವೇನಲ್ಲ, ಎರಡು ಬೆಂಚು ರಿಪೇರಿಯ ಖರ್ಚು. ಆದರೆ ನಾನು ಇರದ ಸಭೆಯಲ್ಲಿ ನಾನು ಒಪ್ಪಿದೆ ಎಂದು ಅದರಲ್ಲಿದೆ, ಇವತ್ತಿಗೂ ಇದೆ. ನನ್ನ ಮೂರು ವರ್ಷದ ದಾಖಲೆಯನ್ನು ಯಾರಾದರೂ ಓದುವುದಾದರೆ ಆ ಪುಟದಿಂದಲೇ ಶುರುಮಾಡಬೇಕು.

ಶಾಲೆಗೆ ಬಣ್ಣ ಹೊಡೆಸಿದ್ದು, ಕಮಾನು ಕಟ್ಟಿಸಿದ್ದು ಸುಧಾರಣೆಯಲ್ಲವೇ?

ಬಣ್ಣ ಬೇಡವೆಂದು ನಾನು ಹೇಳುವುದಿಲ್ಲ. ಗೋಡೆಯ ಮೇಲೆ ವರ್ಣಮಾಲೆ, ಮಗ್ಗಿ, ಭೂಪಟ ಬರೆಸಿದರೆ ಮಕ್ಕಳು ಊಟದ ಸಾಲಿನಲ್ಲಿ ನಿಂತಾಗಲೂ ಓದುತ್ತಾರೆ. ಆದರೆ ದಾನಿಯ ಹೆಸರಿನ ಕಲ್ಲಿಗೂ ಮಗುವಿನ ಓದಿಗೂ ಸಂಬಂಧವಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಇರಲೇಬೇಕಾದವುಗಳ ಪಟ್ಟಿ ಇದೆ: ಪ್ರತಿ ಶಿಕ್ಷಕರಿಗೆ ಒಂದು ಕೊಠಡಿ, ಹುಡುಗ ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ, ಸುರಕ್ಷಿತ ಕುಡಿಯುವ ನೀರು, ಅಡುಗೆ ಕೋಣೆ, ಆಟದ ಮೈದಾನ, ಕಾಂಪೌಂಡು ಅಥವಾ ಬೇಲಿ, ಗ್ರಂಥಾಲಯ. ಕಮಾನು ಆ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿರುವುದು ಮುಗಿಯುವ ಮೊದಲು ಕಮಾನಿಗೆ ಚಂದಾ ಎತ್ತಿದ ಸದಸ್ಯರನ್ನು ಧೈರ್ಯವಾಗಿ ಪ್ರಶ್ನಿಸಬಹುದು.

ಶಾಲೆಗೆ ಎಷ್ಟು ಹಣ ಬರುತ್ತದೆ?

ಊರಿನಲ್ಲಿ ಲಕ್ಷಗಟ್ಟಲೆ ಬರುತ್ತದೆಂಬ ಮಾತಿದೆ. ಹೆಚ್ಚಿನ ಹಳ್ಳಿ ಶಾಲೆಗಳಿಗೆ ಅಷ್ಟು ಬರುವುದಿಲ್ಲ. ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯಲ್ಲಿ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ: 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, 1,000ದವರೆಗೆ 75,000, ಅದಕ್ಕೂ ಮೇಲಿದ್ದರೆ 1 ಲಕ್ಷ. ಇದರಲ್ಲಿ ಕನಿಷ್ಠ ಶೇಕಡಾ 10ನ್ನು ಸ್ವಚ್ಛತೆಗೆ ಬಳಸಬೇಕು. ಸೀಮೆಸುಣ್ಣ, ವಿದ್ಯುತ್ ಬಿಲ್ಲು, ಫಿನಾಯಿಲು, ಹಾಜರಿ ಪುಸ್ತಕ, ಕೆಟ್ಟ ಫ್ಯಾನು, ಎಲ್ಲವೂ ಇದರಲ್ಲೇ ಆಗಬೇಕು. ನಲವತ್ತು ಮಕ್ಕಳ ಶಾಲೆಗೆ 25,000 ಎಂದರೆ ತಿಂಗಳಿಗೆ ಎರಡು ಸಾವಿರ ಚಿಲ್ಲರೆ. ಇಷ್ಟು ಹಣದಲ್ಲಿ ಯಾರೂ ಮನೆ ಕಟ್ಟಿಕೊಳ್ಳಲಾರರು. ಹಾಗೆಂದು ಲೆಕ್ಕ ಕೇಳಬಾರದೆಂದೂ ಅಲ್ಲ. ನಗದು ಪುಸ್ತಕದ ಸಾಲಿಗೂ ರಸೀದಿಗೂ ತಾಳೆ ನೋಡುವುದು ಸದಸ್ಯರ ಕರ್ತವ್ಯ. ಕಾಂಪೌಂಡು, ಮೈದಾನ, ಅಡುಗೆ ಕೋಣೆ, ಶೌಚಾಲಯದಂಥ ದೊಡ್ಡ ಕೆಲಸಗಳಿಗೆ ದಾರಿ ಬೇರೆ. ಗ್ರಾಮ ಪಂಚಾಯಿತಿಯ ಮೂಲಕ ಉದ್ಯೋಗ ಖಾತರಿ ಯೋಜನೆಯಲ್ಲಿ ನಮ್ಮ ರಾಜ್ಯದ ಎಷ್ಟೋ ಶಾಲೆಗಳಲ್ಲಿ ಇವು ಆಗಿವೆ, ಮತ್ತು ಅದಕ್ಕಾಗಿ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿದ ಸದಸ್ಯರು ಯಾರು ಎಂಬುದು ಪಂಚಾಯಿತಿಯ ನಡಾವಳಿಯಲ್ಲಿ ಸಿಗುತ್ತದೆ.

ನಮಗೇ ಓದು ಬರದು. ಮಕ್ಕಳು ಕಲಿಯುತ್ತಿದ್ದಾರೆಯೇ ಎಂದು ನಾವು ಹೇಗೆ ತಿಳಿಯುವುದು?

ಈ ಪ್ರಶ್ನೆಯನ್ನು ಕೇಳಿದವರೆಲ್ಲ ತಾಯಂದಿರು. ಶಾಲೆಯ ಸುಧಾರಣೆ ಎಂದರೆ ಕೊನೆಗೆ ಇದೇ ಎಂದು ನಾನು ನಂಬಿದ್ದೇನೆ.

ನಮ್ಮ ಶಾಲೆಯ ನಾಲ್ಕನೇ ತರಗತಿಯ ಒಬ್ಬ ಹುಡುಗಿ ಪಾಠವನ್ನು ನೀರು ಕುಡಿದಂತೆ ಓದುತ್ತಿದ್ದಳು. ಅವಳ ತಾಯಿ ಹೆಮ್ಮೆಯಿಂದ ನನ್ನ ಮುಂದೆ ಓದಿಸಿದರು. ಹುಡುಗಿಯ ಬೆರಳು ಮೂರನೇ ಸಾಲಿನಲ್ಲಿತ್ತು, ಬಾಯಿ ಐದನೇ ಸಾಲಿನಲ್ಲಿತ್ತು. ಅವಳಿಗೆ ಪಾಠ ಬಾಯಿಪಾಠವಾಗಿತ್ತು. ಪುಸ್ತಕ ಮುಚ್ಚಿಸಿ, ಅಡುಗೆ ಕೋಣೆಯ ಗೋಡೆಯ ಮೇಲಿನ ಬಿಸಿಯೂಟದ ಪಟ್ಟಿಯನ್ನು ಓದಮ್ಮ ಎಂದೆ. "ಅನ್ನ" ಎಂದಳು. "ತೊಗರಿಬೇಳೆ" ಎಂಬಲ್ಲಿ ನಿಂತಳು. ತೊ ಎಂದಳು, ಗ ಎಂದಳು, ಮೂರು ಅಕ್ಷರಗಳನ್ನು ಸೇರಿಸಲಾಗದೆ ನನ್ನ ಮುಖ ನೋಡಿದಳು. ದಿನಾ ತಿನ್ನುವ ಬೇಳೆಯ ಹೆಸರು ಅದು. ಅವಳ ತಪ್ಪೇನೂ ಇರಲಿಲ್ಲ.

ಆದ್ದರಿಂದ, ಪಠ್ಯಪುಸ್ತಕದಲ್ಲಿಲ್ಲದ್ದನ್ನು ಓದಿಸಿ. ಪಡಿತರ ಚೀಟಿ, ಬಸ್ಸಿನ ಬೋರ್ಡು, ಬೀಜದ ಪೊಟ್ಟಣ, ಮದುವೆಯ ಕಾಗದ, ಯಾವುದಾದರೂ ಆದೀತು. ನಿಮಗೆ ಅಕ್ಷರ ಬರದಿದ್ದರೂ ಮಗು ತಡವರಿಸುವುದು ಕಿವಿಗೆ ಗೊತ್ತಾಗುತ್ತದೆ. ಲೆಕ್ಕಕ್ಕೆ ಡೈರಿಯ ಹಾಲಿನ ಚೀಟಿ ಕೊಡಿ. ಇಷ್ಟು ಲೀಟರಿಗೆ ಇಷ್ಟು ದರವಾದರೆ ಈ ವಾರ ಎಷ್ಟು ಬಂತು ಎಂದು ಕೇಳಿ. ಐದನೇ ತರಗತಿಯ ಮಗು ಇದನ್ನು ಮಾಡಬೇಕು. ಒಂದರಿಂದ ಮೂರನೇ ತರಗತಿಯವರೆಗೆ ನಲಿ-ಕಲಿ ಕೊಠಡಿಯಾದರೆ ಕೆಲಸ ಇನ್ನೂ ಸುಲಭ. ಅಲ್ಲಿ ಕಲಿಕಾ ಏಣಿ ಇರುತ್ತದೆ, ಪ್ರತಿ ಮಗು ಯಾವ ಮೆಟ್ಟಿಲಿನಲ್ಲಿದೆ ಎಂದು ತೋರಿಸುವ ಪ್ರಗತಿ ನೋಟ ಇರುತ್ತದೆ. ಎರಡು ತಿಂಗಳ ಅಂತರದಲ್ಲಿ ಎರಡು ಸಲ ಹೋಗಿ ನಿಮ್ಮ ಮಗು ಮುಂದೆ ಹೋಗಿದೆಯೇ ಎಂದು ಕೇಳಿ. ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ 1995ರಲ್ಲಿ ಶುರುವಾದ ಈ ಪದ್ಧತಿಯಲ್ಲಿ ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯುತ್ತದೆ. ಆದರೆ ತನ್ನ ವೇಗ ಎಂಬ ಹೆಸರಿನಲ್ಲಿ ಒಂದು ಮಗು ವರ್ಷವಿಡೀ ಒಂದೇ ಮೆಟ್ಟಿಲಿನಲ್ಲಿ ನಿಂತಿದ್ದರೆ ಅದನ್ನು ಸಭೆಯಲ್ಲಿ ಕೇಳಬೇಕಾದವರು ಸದಸ್ಯರು.

ನಮ್ಮ ಕಡೆ ಇನ್ನೊಂದು ಕಷ್ಟವಿದೆ. ಬಾಗೇಪಲ್ಲಿ, ಗೌರಿಬಿದನೂರು, ಚಿಂತಾಮಣಿಯ ಎಷ್ಟೋ ಮನೆಗಳಲ್ಲಿ ಆಡುಮಾತು ತೆಲುಗು. ಒಂದನೇ ತರಗತಿಯ ಮಗು ಮನೆಯ ಚಿತ್ರ ನೋಡಿ "ಇಲ್ಲು" ಎನ್ನುತ್ತದೆ. ಅದು ಸರಿಯಾದ ಉತ್ತರವೇ. ಮಗುವಿಗೆ ಮನೆ ಯಾವುದೆಂದು ಗೊತ್ತು, ಕನ್ನಡದ ಪದ ಗೊತ್ತಿಲ್ಲ. ಇದನ್ನು ಅರಿತು "ಇಲ್ಲು ಅಂದ್ರೆ ಮನೆ ಕಣಪ್ಪ" ಎಂದು ಕೈಹಿಡಿದು ದಾಟಿಸುವ ಶಿಕ್ಷಕಿಯ ತರಗತಿಯಲ್ಲಿ ಮಕ್ಕಳು ದೀಪಾವಳಿಯ ಹೊತ್ತಿಗೆ ಕನ್ನಡದಲ್ಲಿ ಮಾತಾಡುತ್ತಿರುತ್ತಾರೆ. ನಕ್ಕು ಸುಮ್ಮನಾಗುವ ತರಗತಿಯಲ್ಲಿ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಸದಸ್ಯರಾಗುವವರು ಮೊದಲ ತರಗತಿಯಲ್ಲಿ ಅರ್ಧ ಗಂಟೆ ಕುಳಿತರೆ ಈ ವ್ಯತ್ಯಾಸ ಕಾಣುತ್ತದೆ.

ಶಿಕ್ಷಕರು ಸಾಕಷ್ಟಿಲ್ಲ. ಸದಸ್ಯರು ಏನು ಮಾಡಲು ಸಾಧ್ಯ?

ಮೊದಲು ಲೆಕ್ಕ ತಿಳಿದಿರಬೇಕು. ಒಂದರಿಂದ ಐದನೇ ತರಗತಿಯವರೆಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, ಅಂದರೆ 30ಕ್ಕೆ ಒಬ್ಬರಂತೆ. ಆರರಿಂದ ಎಂಟಕ್ಕೆ 35 ಮಕ್ಕಳಿಗೆ ಒಬ್ಬರು. ಇದು ಕಾಯ್ದೆಯ ಮಾತು. ಇಬ್ಬರೇ ಶಿಕ್ಷಕರು ಐದು ತರಗತಿ ನೋಡಿಕೊಳ್ಳುವ ಸಣ್ಣ ಶಾಲೆಯಲ್ಲಿ ಕಾನೂನು ಪಾಲನೆಯಾದರೂ ಮಕ್ಕಳಿಗೆ ಪೂರ್ತಿ ನ್ಯಾಯ ಸಿಗುವುದಿಲ್ಲ ಎಂಬುದು ನನ್ನ ಅನಿಸಿಕೆ.

ಆಮೇಲೆ, ಮಂಜೂರಾದ ಹುದ್ದೆಗಳೆಷ್ಟು, ಭರ್ತಿಯಾದವೆಷ್ಟು, ಭರ್ತಿಯಾದವರಲ್ಲಿ ನಿಯೋಜನೆಯ ಮೇಲೆ ಬೇರೆಡೆ ಇರುವವರೆಷ್ಟು ಎಂದು ಕೇಳಬೇಕು. ಈ ಮೂರನೆಯ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಸಂಬಳದ ಪಟ್ಟಿಯಲ್ಲಿ ಹೆಸರು ನಮ್ಮ ಶಾಲೆಯಲ್ಲಿ, ಕೆಲಸ ಪೇಟೆಯ ಇನ್ನೊಂದು ಶಾಲೆಯಲ್ಲಿ ಅಥವಾ ಕಚೇರಿಯಲ್ಲಿ. ಕಾಗದದ ಮೇಲೆ ಹುದ್ದೆ ತುಂಬಿರುವುದರಿಂದ ಅತಿಥಿ ಶಿಕ್ಷಕರನ್ನು ಕೇಳುವುದೂ ಕಷ್ಟವಾಗುತ್ತದೆ. ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಬಳಸುವಂತಿಲ್ಲ. ಸದಸ್ಯರು ಇದನ್ನು ಉಲ್ಲೇಖಿಸಿ ಠರಾವು ಮಾಡಿ ಕಳಿಸಬಹುದು. ಶಿಕ್ಷಕರ ಮೇಲೆ ಕೂಗಾಡುವ ಸದಸ್ಯರಿಗಿಂತ ಶಿಕ್ಷಕರ ಪರವಾಗಿ ಪತ್ರ ಬರೆಯುವ ಸದಸ್ಯರು ಶಾಲೆಗೆ ಹೆಚ್ಚು ಉಪಯೋಗ.

ಬಿಸಿಯೂಟದ ಮೇಲೆ ನಿಗಾ ಇಡುವುದು ಸದಸ್ಯರ ಕೆಲಸವೇ?

ಹೌದು. ಐದನೇ ತರಗತಿಯವರೆಗೆ ಮಗುವೊಂದಕ್ಕೆ ದಿನಕ್ಕೆ 100 ಗ್ರಾಂ, ಆರರಿಂದ ಎಂಟಕ್ಕೆ 150 ಗ್ರಾಂ ಧಾನ್ಯ ಎಂದು ಪ್ರಮಾಣವಿದೆ. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರೂ ಸೇರಿ ದೊಡ್ಡವರು ರುಚಿ ನೋಡಿ ಪುಸ್ತಕದಲ್ಲಿ ಬರೆಯಬೇಕು. ಕ್ಷೀರಭಾಗ್ಯದ ಹಾಲು 2013ರ ಆಗಸ್ಟ್‌ನಿಂದ ಇದೆ. 2024ರಲ್ಲಿ ಅದರ ಜೊತೆ ವಾರದ ಕೆಲವು ದಿನ ರಾಗಿ ಮಾಲ್ಟ್ ಸೇರಿತು, ಮತ್ತು ಆ ಪುಡಿಯ ಯೋಜನೆಯ ಮೂಲ ನಮ್ಮ ಮುದ್ದೇನಹಳ್ಳಿಯ ಟ್ರಸ್ಟಿನದು. ವಾರಕ್ಕೊಂದು ದಿನ, ಮೊದಲೇ ಹೇಳದೆ, ಮಕ್ಕಳ ಸಾಲಿನಲ್ಲಿ ತಟ್ಟೆ ಹಿಡಿದು ಕೂತು ಊಟ ಮಾಡುವ ಸದಸ್ಯರಿದ್ದರೆ ಬೇರೆ ತಪಾಸಣೆ ಬೇಡ. ಅಡುಗೆಯವರ ಜಾತಿ ಕೇಳಿ ಮಕ್ಕಳನ್ನು ಊಟ ಬಿಡಿಸುವ ಪೋಷಕರ ಮಾತಿಗೆ ತಲೆಯಾಡಿಸಿದ ಸದಸ್ಯರು ಮತ್ತೆ ಆ ಕುರ್ಚಿಯಲ್ಲಿ ಕೂರಬಾರದು.

ಕುಡಿಯುವ ನೀರಿನ ಬಗ್ಗೆ ಏನು ಕೇಳಬೇಕು?

ನೀರು ಬರುತ್ತದೆಯೇ ಎಂದು ಕೇಳಿದರೆ ಸಾಲದು. ನಮ್ಮ ಜಿಲ್ಲೆಯಲ್ಲಿ, ಕೋಲಾರದಲ್ಲಿ, ಅತ್ತ ಪಾವಗಡದಲ್ಲಿ ಆಳದ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ಗೊತ್ತು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಮಕ್ಕಳ ಹಲ್ಲಿನ ಮೇಲಿನ ಕಂದು ಗೆರೆಗಳು ಅದನ್ನೇ ತೋರಿಸುತ್ತವೆ. ಶಾಲೆಯ ನೀರನ್ನು ಕೊನೆಯ ಬಾರಿ ಪರೀಕ್ಷಿಸಿದ ವರದಿ ಎಲ್ಲಿ ಎಂದು ಸದಸ್ಯರನ್ನು ಕೇಳಿ. ವರ್ಷಕ್ಕೊಮ್ಮೆ ಪಂಚಾಯಿತಿಯಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಇದನ್ನು ಕೇಳಿದಾಗ ದೊಡ್ಡವರು ಕೇಳಿದ್ದಕ್ಕಿಂತ ಬೇಗ ಉತ್ತರ ಬರುವುದನ್ನು ನಾನು ಕಂಡಿದ್ದೇನೆ.

ಮಹಿಳಾ ಸದಸ್ಯರು ಸಭೆಗೇ ಬರುವುದಿಲ್ಲವಲ್ಲ?

ಸಭೆ ಯಾವಾಗ ಇಡುತ್ತೀರಿ ಎಂಬ ಪ್ರಶ್ನೆಯನ್ನು ಮೊದಲು ಕೇಳೋಣ. ನಮ್ಮ ಕಡೆಯ ಹಳ್ಳಿಗಳಿಂದ ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು ಬೆಳಗಾಗುವ ಮೊದಲೇ ಎದ್ದು, ಸಾರು ಮಾಡಿಟ್ಟು, ಡಬ್ಬಿ ಕಟ್ಟಿಕೊಂಡು ವ್ಯಾನು ಹತ್ತುತ್ತಾರೆ. ಕತ್ತಲಾದ ಮೇಲೆ ಇಳಿಯುತ್ತಾರೆ. ಸಭೆ ಬುಧವಾರ ಹನ್ನೊಂದು ಗಂಟೆಗೆ. ಒಂದು ದಿನ ರಜೆ ಹಾಕಿದರೆ ಕೂಲಿಯೂ ಹೋಗುತ್ತದೆ, ಹಾಜರಿಯ ಹಣವೂ ಹೋಗುತ್ತದೆ. ಅರ್ಧದಷ್ಟು ಮಹಿಳೆಯರು ಇರಬೇಕೆಂಬ ಕಾನೂನು ಈ ಹನ್ನೊಂದು ಗಂಟೆಯಲ್ಲಿ ಸೋಲುತ್ತದೆ. ಅವರ ಗಂಡಂದಿರೋ ಮೈದುನರೋ ಬಂದು ಕುರ್ಚಿಯಲ್ಲಿ ಕೂರುತ್ತಾರೆ, ಪುಸ್ತಕ ಮನೆಗೆ ಹೋಗುತ್ತದೆ. ಮಹಿಳಾ ಸದಸ್ಯರ ದಾಖಲೆಯನ್ನು ನೋಡುವವರು ದಯವಿಟ್ಟು ಸಭೆಯ ವೇಳೆಯನ್ನೂ ಜೊತೆಗೆ ನೋಡಬೇಕು.

ಸದಸ್ಯರೇ ತಮ್ಮ ಇನ್ನೊಂದು ಮಗುವನ್ನು ಖಾಸಗಿ ಶಾಲೆಗೆ ಕಳಿಸುತ್ತಿದ್ದರೆ?

ಕಾನೂನಿನ ಅಡ್ಡಿಯಿಲ್ಲ, ಒಂದು ಮಗುವಾದರೂ ಈ ಶಾಲೆಯಲ್ಲಿದ್ದರೆ ಅವರು ಪೋಷಕರೇ. ಇಂಗ್ಲಿಷ್ ಬೇಕೆಂಬ ತಂದೆತಾಯಿಯ ಆಸೆಯನ್ನು ನಾನು ಹಳಿಯುವುದಿಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯನ್ನು ಕಡ್ಡಾಯಗೊಳಿಸಲಾಗದು ಎಂದು ಸುಪ್ರೀಂ ಕೋರ್ಟ್ 2014ರ ಮೇನಲ್ಲಿ ತೀರ್ಪು ಕೊಟ್ಟಿತು. 2019ರಲ್ಲಿ ಸರ್ಕಾರ ತಾನೇ 1,000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆಯಿತು. ಆದರೆ ಹಳದಿ ವ್ಯಾನು ಊರಿಗೆ ಬಂದ ಮೇಲೆ ಸರ್ಕಾರಿ ಶಾಲೆಯಲ್ಲಿ ಉಳಿಯುವವರು ಕೂಲಿಯವರ, ವಲಸೆ ಬಂದವರ, ದಲಿತರ ಮಕ್ಕಳು, ಮತ್ತು ಬಹುಪಾಲು ಹೆಣ್ಣುಮಕ್ಕಳು. ಒಂದೇ ಮನೆಯಲ್ಲಿ ಮಗ ವ್ಯಾನಿನಲ್ಲಿ, ಮಗಳು ನಡೆದು ಶಾಲೆಗೆ ಹೋಗುವುದನ್ನು ನಮ್ಮ ಬೀದಿಯಲ್ಲಿ ದಿನಾ ನೋಡುತ್ತೇನೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡತನದಲ್ಲಿ ಹುಟ್ಟಿ, ಬೆಂಗಳೂರಿಗೆ ನಡೆದೇ ಹೋಗಿ ಓದಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಎಚ್. ನರಸಿಂಹಯ್ಯನವರ ಸೀಮೆಯಿದು. ಅಂಥ ಮಕ್ಕಳು ಈಗ ಕೂತಿರುವುದು ನಮ್ಮ ಶಾಲೆಯ ಬೆಂಚುಗಳ ಮೇಲೆ.

ದಾಖಲೆ ತೋರಿಸಲು ಒಪ್ಪದಿದ್ದರೆ?

ಮೊದಲು ಪೋಷಕರ ಸಭೆಯಲ್ಲಿ ಕೇಳಿ. ನಾಲ್ಕು ಜನರ ಮುಂದೆ ಕೇಳಿದಾಗ ಹೆಚ್ಚಿನವರು ತೋರಿಸುತ್ತಾರೆ. ಆಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಡಿ, 30 ದಿನದಲ್ಲಿ ಉತ್ತರ ಬರಬೇಕು. ಮಗುವಿನ ಶಿಕ್ಷಣದ ಹಕ್ಕಿಗೇ ಧಕ್ಕೆಯಾಗಿದ್ದರೆ ಶಿಕ್ಷಣ ಹಕ್ಕು ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಮೂರು ತಿಂಗಳೊಳಗೆ ತೀರ್ಮಾನವಾಗಬೇಕು, ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹೋಗುತ್ತದೆ. ದೂರಿನಲ್ಲಿ ಶಿಕ್ಷಕರ ಮೇಲಿನ ಸಿಟ್ಟು ಬೇಡ, ದಿನಾಂಕ ಮತ್ತು ವಿಷಯ ಇರಲಿ.

ಆಯ್ಕೆಯಲ್ಲಿ ಪಕ್ಷ ರಾಜಕೀಯ ಬಂದಿದೆ. ಏನು ಮಾಡುವುದು?

ಬಂದಿದೆ ನಿಜ. ಪಂಚಾಯಿತಿ ಚುನಾವಣೆಯ ಎರಡು ಗುಂಪುಗಳೇ ಶಾಲೆಯ ಅಂಗಳದಲ್ಲೂ ಎದುರುಬದುರು ಕೂರುತ್ತವೆ. ಅಭ್ಯರ್ಥಿ ಯಾವ ಗುಂಪಿನವರೇ ಆಗಿರಲಿ, "ಕಳೆದ ವರ್ಷದ ಶಾಲಾ ಅಭಿವೃದ್ಧಿ ಯೋಜನೆಯಲ್ಲಿ ಏನಿತ್ತು?" ಎಂದು ಕೇಳಿ. ಮೂರು ವರ್ಷಕ್ಕೆ ಮಕ್ಕಳೆಷ್ಟು, ಶಿಕ್ಷಕರೆಷ್ಟು ಬೇಕು, ಕೊಠಡಿಯೆಷ್ಟು ಬೇಕು ಎಂದು ಬರೆಯುವ ಕಾಗದ ಅದು. ಉತ್ತರ ಗೊತ್ತಿರುವವರಿಗೆ ಮತ ಕೊಡಿ.

ಸರಿ, ನಿಮ್ಮ ಮೂರು ವರ್ಷದ ಲೆಕ್ಕ ಹೇಳಿ.

ಏಳನೇ ತಿಂಗಳಿನಿಂದ ಪುಸ್ತಕವನ್ನು ಮನೆಯಲ್ಲಿ ಸಹಿ ಮಾಡಲಿಲ್ಲ. ಸಭೆಯ ವೇಳೆ ಬದಲಿಸಬೇಕೆಂದು ಕೇಳಿದಾಗ ದೂರದಿಂದ ಬಸ್ಸಿನಲ್ಲಿ ಬರುವ ಶಿಕ್ಷಕರಿಗೆ ಸಂಜೆ ಕಷ್ಟವಾಯಿತು, ಅವರ ಮಾತೂ ಸರಿಯಿತ್ತು. ಕೊನೆಗೆ ಎರಡು ತಿಂಗಳಿಗೊಮ್ಮೆ ಭಾನುವಾರ ಬೆಳಗ್ಗೆ ಎಂಟಕ್ಕೆ ಸೇರಲು ಒಪ್ಪಿದರು. ಗಾರ್ಮೆಂಟ್ಸ್‌ಗೆ ಹೋಗುವ ಇಬ್ಬರು ತಾಯಂದಿರು ಅಂದಿನಿಂದ ತಾವೇ ಬಂದು ಕೂತರು. ಸಭೆ ಮುಗಿಯುವ ಮೊದಲು ಬರೆದದ್ದನ್ನು ಗಟ್ಟಿಯಾಗಿ ಓದಿಸುವ ರೂಢಿ ಹಾಕಿದೆವು. ನಿಯೋಜನೆಯ ಮೇಲೆ ಹೋಗಿದ್ದ ಗಣಿತದ ಶಿಕ್ಷಕರ ಬಗ್ಗೆ ಮೂರು ಪತ್ರ ಕಳಿಸಿದೆವು. ಎರಡನೇ ವರ್ಷ ಅವರು ವಾಪಸು ಬಂದರು. ನಮ್ಮ ಪತ್ರದಿಂದಲೇ ಬಂದರೆಂದು ನಾನು ಹೇಳಿಕೊಳ್ಳಲಾರೆ, ಆ ವರ್ಷ ವರ್ಗಾವಣೆಗಳೂ ನಡೆದಿದ್ದವು.

ಆಗದಿದ್ದುದೂ ಇದೆ. ಓದಲು ತಡವರಿಸುವ ಮಕ್ಕಳನ್ನು ಸಂಜೆ ನಮ್ಮ ಮನೆಯ ಜಗಲಿಯಲ್ಲಿ ಕೂರಿಸಿಕೊಂಡು ಓದಿಸಲು ಶುರುಮಾಡಿದ್ದೆ. ಎರಡು ತಿಂಗಳು ನಡೆಯಿತು. ಮನೆಯ ರೇಷ್ಮೆ ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದ ಮೇಲೆ ಹಗಲು ರಾತ್ರಿ ಸೊಪ್ಪು ಹಾಕುವ ಕೆಲಸ ಬಂದು ನಿಂತುಹೋಯಿತು, ಗೂಡು ಮಾರಿದ ಮೇಲೂ ಮತ್ತೆ ಹಿಡಿಯಲಿಲ್ಲ. ತೊಗರಿಬೇಳೆಯ ಹತ್ತಿರ ನಿಂತ ಹುಡುಗಿ ಈಗ ಆರನೇ ತರಗತಿಯಲ್ಲಿದ್ದಾಳೆ. ಓದುತ್ತಾಳೆ, ನಿಧಾನವಾಗಿ, ಒತ್ತಕ್ಷರ ಬಂದಾಗ ಈಗಲೂ ಉಸಿರು ಹಿಡಿದು. ಹೆಣ್ಣುಮಕ್ಕಳ ಶೌಚಾಲಯಕ್ಕೆ ಟ್ಯಾಂಕು ಬಂತು, ಮೋಟಾರು ಸುಟ್ಟ ಮೇಲೆ ನೀರು ಏರಲಿಲ್ಲ, ಮಕ್ಕಳು ಇಂದಿಗೂ ಬಕೆಟ್ಟಿನಲ್ಲಿ ಹೊರುತ್ತಾರೆ. ಅದರ ಬಗ್ಗೆ ಬರೆದ ಕೊನೆಯ ಪತ್ರಕ್ಕೆ ಉತ್ತರ ಬಂದಿಲ್ಲ. ಪತ್ರದ ಪ್ರತಿಯನ್ನೂ ಸ್ವೀಕೃತಿಯನ್ನೂ ನಡಾವಳಿ ಪುಸ್ತಕದ ಕೊನೆಯ ಪುಟಕ್ಕೆ ಅಂಟಿಸಿದ್ದೇನೆ. ಹೊಸ ಸಮಿತಿಯ ಮೊದಲ ಸಭೆಯಲ್ಲಿ ಅದನ್ನು ಓದಿಸಬೇಕೆಂದು ಮುಖ್ಯ ಶಿಕ್ಷಕರಿಗೆ ಹೇಳಿದ್ದೇನೆ.